ಇಟಲಿ ಮುತ್ಯಾ ಮತ್ತು ನಮ್ಮ ಮನೆಯವರ ಬಂಗಲೆ

ನಮ್ಮ ಮಲಗುವ ಕೋಣೆಯ ಕಪಾಟಿನ ಮೇಲೆ, ಸೂಟ್‌ಕೇಸುಗಳ ಸಂದಿಯಲ್ಲಿ, ಒಂದು ಬಂಗಾರದ ಕೀಲಿಕೈ ಬಿದ್ದುಕೊಂಡಿದೆ. ಗಾಬರಿಯಾಗಬೇಡಿ, ಬಣ್ಣ ಮಾತ್ರ ಬಂಗಾರದ್ದು, ಒಳಗೆಲ್ಲ ಥರ್ಮೋಕೋಲು. ನನ್ನ ತೋಳಿನಷ್ಟು ಉದ್ದವಿದೆ. ಇದನ್ನು ಹಾಕಿ ತೆಗೆಯುವ ಬೀಗ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮೊನ್ನೆ ಸೂಟ್‌ಕೇಸು ಎಳೆಯುವಾಗ ಅದು ಸೀದಾ ನನ್ನ ನೆತ್ತಿಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ, ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಗು ಬಂತು. ಎಸೆದುಬಿಡೋಣ ಅಂತ ಬಾಗಿಲತನಕ ಒಯ್ದವಳು ಮತ್ತೆ ತಂದು ಅಲ್ಲೇ ತುರುಕಿದೆ.

ಈ ಕೀಲಿಕೈ ನಮ್ಮ ಮನೆ ಸೇರಿದ್ದು ಇಟಲಿಯ ಒಬ್ಬ ಸಿನಿಮಾ ನಿರ್ದೇಶಕನ ದೆಸೆಯಿಂದ. ಆ ಪುಣ್ಯಾತ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ದುಬೈ ನೋಡಿರಲಿಕ್ಕಿಲ್ಲ, ಗದಗಂತೂ ಖಂಡಿತ ನೋಡಿಲ್ಲ. ಆದರೂ ಹೆಚ್ಚುಕಡಿಮೆ ಒಂದು ವರ್ಷ ನಮ್ಮ ಮನೆಯಲ್ಲಿ ಅವನದೇ ಕಾರುಬಾರು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಮನೆಯವರು ಹೆಗಲ ಹಿಂದಿನಿಂದ ಇಣುಕಿ, "ಹಂಗಲ್ಲ, ಆ ಅಕ್ಷರ ಒತ್ತಿ ಅನಬೇಕು" ಅಂತ ಉಚ್ಚಾರ ತಿದ್ದುತ್ತಾರೆ. ನಾನು ಅವನಿಗೆ ಇಟ್ಟ ಹೆಸರು ಇಟಲಿ ಮುತ್ಯಾ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ. ದಿನಾ ಬೆಳಗಾದರೆ ಮನೆಯಲ್ಲಿ ಹೆಸರು ಕೇಳುವ ಮುದುಕನಿಗೆ ಇನ್ನೇನು ಅನ್ನಬೇಕು, ನೀವೇ ಹೇಳಿ.

ನಮ್ಮ ಮನೆಯವರ ಹೆಸರು ಬಸವರಾಜ. ಇಲ್ಲಿ ದುಬೈಯಲ್ಲಿ, ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದರು. ಒಂದು ದಿನ ಕಂಪನಿ ಇವರ ವಿಭಾಗವನ್ನೇ ಮುಚ್ಚಿತು. ಖಲಾಸ್. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹೋದವರು ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಬಂದು, ಬೂಟು ಬಿಚ್ಚದೆ ಸೋಫಾದ ಮೇಲೆ ಕೂತರು. ನಾನು ಊದ್ ಮೇಥಾದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಇವರ ವೀಸಾ ನನ್ನ ವೀಸಾದ ಬಾಲ ಹಿಡಿದು ಬಂತು, ಅಂದರೆ ಕಾಗದದ ಮೇಲೆ ನಾನು ನನ್ನ ಗಂಡನಿಗೆ ಸ್ಪಾನ್ಸರ್ ಆದೆ. ಮದುವೆಯಲ್ಲಿ ನಮ್ಮಪ್ಪ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಇವರ ಕೈಗೆ ಒಪ್ಪಿಸಿದ್ದು ನೆನಪಾಗಿ, ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಕುರ್ಚಿಯಲ್ಲಿ ಕೂತು ಒಬ್ಬಳೇ ನಕ್ಕೆ. ಇವರಿಗೆ ನಗು ಬರಲಿಲ್ಲ.

"ಅವ್ವಗ ಹೇಳೂದು ಬ್ಯಾಡ," ಅಂದರು ಅವತ್ತೇ.

ಅವ್ವ ಅಂದರೆ ನಮ್ಮ ಅತ್ತೆ. ಗದಗಿನಲ್ಲಿ ಹಿರಿಯ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಯಜಮಾನಿಕೆ ನಡೆಸುವವರು. ದುಬೈಯಲ್ಲಿ ಮಗನಿದ್ದಾನೆ ಎನ್ನುವುದು ಆ ಓಣಿಯಲ್ಲಿ ಅವರಿಗಿದ್ದ ದೊಡ್ಡ ಪದವಿ. ಅದನ್ನು ಕಸಿದುಕೊಳ್ಳಲು ಇವರಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಕೆಲಸ ಸಿಗಲಿ, ಹೋದದ್ದು ಬಂದದ್ದು ಎರಡೂ ಒಮ್ಮೆಲೇ ಹೇಳಿದರಾಯಿತು ಎಂದುಕೊಂಡರು. ಈಗೇನೋ ಅಬುಧಾಬಿಯಲ್ಲಿ ಕೆಲಸವಿದೆ, ವಾರಕ್ಕೊಮ್ಮೆ ಬಂದು ನನ್ನ ಅಡುಗೆಗೆ ಹೆಸರಿಟ್ಟು ಹೋಗುತ್ತಾರೆ. ಆದರೆ ಆಗ ತಿಂಗಳುಗಟ್ಟಲೆ ಏನೂ ಸಿಗಲಿಲ್ಲ, ಸುದ್ದಿ ಹೊಟ್ಟೆಯಲ್ಲೇ ಉಳಿಯಿತು.

ಹೊಟ್ಟೆಯಲ್ಲಿ ಸುದ್ದಿ ಇಟ್ಟುಕೊಳ್ಳುವುದರಲ್ಲಿ ನಾವು ಗಲ್ಫಿನವರು ಪಳಗಿದವರು. ನಮ್ಮ ಫ್ಲಾಟಿನಲ್ಲಿ ವಿಡಿಯೋ ಕಾಲಿಗೆಂದೇ ಒಂದು ಮೂಲೆ ಇದೆ. ಒಳ್ಳೆಯ ದಿಂಬು, ಒಂದು ಹೂದಾನಿ, ಹಿಂದೆ ಚಂದದ ಪರದೆ. ಮೊಬೈಲನ್ನು ನಾಲ್ಕು ಬೆರಳು ಆಚೆ ತಿರುಗಿಸಿದರೆ ಒಣಗದ ಬಟ್ಟೆಯ ಸ್ಟ್ಯಾಂಡು, ಈಚೆ ತಿರುಗಿಸಿದರೆ ಇಸ್ತ್ರಿ ಆಗಬೇಕಾದ ಗುಡ್ಡ. ಊರಿನವರ ಪಾಲಿಗೆ ನಮ್ಮ ಮನೆ ಎಂದರೆ ಆ ಮೂಲೆ. ಮಗಳು ಅನನ್ಯಾ ಅದಕ್ಕೆ "ಅಮ್ಮಾಸ್ ಸ್ಟುಡಿಯೋ" ಅನ್ನುತ್ತಾಳೆ.

ಸ್ಟುಡಿಯೋ ಅಂದಾಗ ನೆನಪಾಯಿತು. ನಾನು ಸಣ್ಣವಳಿದ್ದಾಗ ಧಾರವಾಡದಲ್ಲಿ ಅಪ್ಪ ನಮ್ಮನ್ನೆಲ್ಲ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಹಿಂದಿನ ಪರದೆಯ ಮೇಲೆ ಮಹಡಿಮನೆ, ಮೆಟ್ಟಿಲು, ಕಾರಂಜಿ ಬರೆದಿತ್ತು. ಸ್ಟುಡಿಯೋದವನು ನನ್ನ ಕೈಗೆ ತಂತಿಯಿಲ್ಲದ ಒಂದು ಕರಿ ಟೆಲಿಫೋನು ಕೊಟ್ಟು, "ಮಾತಾಡಿದಂಗ ಮಾಡವಾ" ಅಂದ. ನಾನು "ಹಲೋ" ಅಂದೆ. ಆ ಕಡೆಯಿಂದ ಯಾರೂ ಉತ್ತರ ಕೊಡಲಿಲ್ಲ. ಮತ್ತೆ "ಹಲೋ" ಅಂದೆ. ಮೂರನೇ ಹಲೋಗೆ ಅಳು ಬಂತು, ಅವನು ಅದೇ ಹೊತ್ತಿಗೆ ಬಟನ್ ಒತ್ತಿದ. ಆ ಫೋಟೋದಲ್ಲಿ ನಾನು ಮಹಡಿಮನೆಯ ಮುಂದೆ ನಿಂತು, ಯಾರೋ ಸತ್ತ ಸುದ್ದಿ ಕೇಳಿಸಿಕೊಳ್ಳುತ್ತಿರುವ ಹಾಗೆ ಇದ್ದೇನೆ. ನನ್ನ ನಟನಾ ಜೀವನ ಅಲ್ಲಿಗೇ ಮುಗಿಯಿತು.

ಇವರದು ಶುರುವಾದದ್ದು ಕೆಲಸ ಹೋದ ಮೇಲೆ. ಹಳೆಯ ಗೋದಾಮುಗಳನ್ನು ಚಿತ್ರಶಾಲೆ, ಕಾಫಿ ಅಂಗಡಿ ಮಾಡಿಕೊಂಡಿರುವ ಒಂದು ಕಡೆ ಫಿಲ್ಮ್ ಕ್ಲಬ್ಬು ಇತ್ತು. ಮನೆಯಲ್ಲಿ ಕೂತು ಕೂತು ಗೋಡೆ ನೋಡುತ್ತಿದ್ದ ಮನುಷ್ಯ ಅಲ್ಲಿಗೆ ಹೋಗಿ ಪರದೆ ನೋಡತೊಡಗಿದರು. ಒಂದು ಸಂಜೆ ನನ್ನನ್ನೂ ಎಳೆದುಕೊಂಡು ಹೋದರು. ಕಪ್ಪು ಬಿಳುಪು ಚಿತ್ರ. ಒಬ್ಬ ಬಡವ ನಡೆಯುತ್ತಾನೆ, ನಿಲ್ಲುತ್ತಾನೆ, ಮತ್ತೆ ನಡೆಯುತ್ತಾನೆ. ನಾನು ಸಮೋಸಾ ತಿಂದು ಒಂದು ನಿದ್ದೆ ತೆಗೆದು ಎದ್ದರೆ ಆತ ಇನ್ನೂ ನಡೆಯುತ್ತಲೇ ಇದ್ದ. ಪಕ್ಕಕ್ಕೆ ತಿರುಗಿದೆ. ನಮ್ಮ ಮನೆಯವರು ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಕೆಲಸ ಹೋದ ದಿನವೂ ಅತ್ತವರಲ್ಲ. ನನಗೆ ಹೆದರಿಕೆಯಾಯಿತು, ಕೈ ಹಿಡಿದುಕೊಂಡೆ.

ಇದಕ್ಕೆ ನವವಾಸ್ತವವಾದ ಅನ್ನುತ್ತಾರಂತೆ. ಬಣ್ಣ ಹಚ್ಚಿದ ನಟರು ಬೇಡ, ಸೆಟ್ಟು ಬೇಡ, ಬೀದಿಗೆ ಹೋಗು, ಬೀದಿಯಲ್ಲಿ ಸಿಕ್ಕ ಮನುಷ್ಯನನ್ನೇ ನಿಲ್ಲಿಸು, ಅವನು ಅವನಾಗಿಯೇ ಇರಲಿ. ಇಟಲಿ ಮುತ್ಯಾನ ಕಥೆಯನ್ನು ಇವರು ನನಗೆ ಪುರಾಣದ ಹಾಗೆ ಹೇಳಿದರು. ಮುತ್ಯಾ ಹರೆಯದಲ್ಲಿ ಸುಂದರಾಂಗ. ಹಗುರ ಸಿನಿಮಾಗಳಲ್ಲಿ ಕೂದಲು ಬಾಚಿಕೊಂಡು ಹುಡುಗಿಯರ ಹಿಂದೆ ತಿರುಗುತ್ತಿದ್ದನಂತೆ. ಯುದ್ಧ ಊರನ್ನೆಲ್ಲ ಪುಡಿ ಮಾಡಿದ ಮೇಲೆ ಬುದ್ಧಿ ಬಂದು, ಕ್ಯಾಮೆರಾ ಹೊತ್ತು ಬೀದಿಗೆ ಇಳಿದ. ಲೋಕ ಮೆಚ್ಚಿತು, ಆದರೆ ಟಿಕೆಟ್ಟು ತೆಗೆದುಕೊಳ್ಳಲಿಲ್ಲ. ಆಗ ಮುತ್ಯಾ ಏನು ಮಾಡಿದ? ಮತ್ತೆ ಬಣ್ಣ ಹಚ್ಚಿದ. ಸೇನಾಧಿಪತಿ, ಜಮೀನ್ದಾರ, ಡಾಕ್ಟರು, ಪಾದ್ರಿ, ಯಾವುದು ಕೊಟ್ಟರೂ ಸೈ. ಆ ಡಬ್ಬಾ ಸಿನಿಮಾಗಳಲ್ಲಿ ದುಡಿದು ತನ್ನ ಸಿನಿಮಾಕ್ಕೆ ಸುರಿದನಂತೆ.

"ಅಂದ್ರ ಸುಳ್ಳು ಮಾರಿ ಖರೇ ಮಾತು ಖರೀದಿ ಮಾಡಿದ," ಅಂದೆ.

"ಹ್ಞಾಂ! ಈಗ ತಿಳೀತು ನೋಡು ನಿನಗ," ಅಂದರು. ನಾನು ಚೇಷ್ಟೆ ಮಾಡಿದ್ದೆ. ಇವರು ಅದನ್ನು ಉಪದೇಶವಾಗಿ ತೆಗೆದುಕೊಂಡರು.

ಮರುವಾರವೇ ಸಿನಿಮಾ ಶುರು. ಹೆಸರು 'ಬಸ್ಸು ಹೋದ ಮೇಲೆ'. ಕೆಲಸ ಕಳೆದುಕೊಂಡ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಕಂಪನಿ ಬಸ್ಸು ನಿಲ್ಲುವಲ್ಲಿಗೆ ಹೋಗಿ, ಬಸ್ಸು ಹೋದ ಮೇಲೆ ವಾಪಸ್ಸು ಬರುವ ಕಥೆ. ಕಥೆ ಯಾರದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಬೈಲೇ ಕ್ಯಾಮೆರಾ, ಅನನ್ಯಾ ಕ್ಯಾಮೆರಾಮನ್. "ಅಪ್ಪಾ, ನಥಿಂಗ್ ಹ್ಯಾಪನ್ಸ್ ಇನ್ ದಿಸ್," ಅಂತ ಅವಳು ಮೊದಲ ದಿನವೇ ವಿಮರ್ಶೆ ಬರೆದಳು. ಇವರು ತಾವೇ ಪಾತ್ರ ಮಾಡಲು ಒಪ್ಪಲಿಲ್ಲ. ಬೀದಿಯ ಮನುಷ್ಯನೇ ಬೇಕು ಅಂದರು.

ಸಿಕ್ಕಿದ ಬೀದಿಯ ಮನುಷ್ಯ ಇಕ್ಬಾಲ್ ಭಾಯಿ. ಭಟ್ಕಳದ ನವಾಯತ ಮನೆತನದವರು, ಬರ್ ದುಬೈಯಲ್ಲಿ ಬಟ್ಟೆ ಅಂಗಡಿ. ನನ್ನ ಅರ್ಧ ಕಪಾಟು ಅವರ ಅಂಗಡಿಯದೇ. ಇತ್ತೀಚೆಗೆ ಗಿರಾಕಿ ಕಡಿಮೆಯಾಗಿ, ಮಧ್ಯಾಹ್ನದ ಹೊತ್ತು ಥಾನುಗಳ ನಡುವೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದರು. ಆ ಮುಖ ಕಂಡು ನಮ್ಮ ಮನೆಯವರು ಮರುಳಾಗಿಬಿಟ್ಟರು. ಹೀಗೇ ಕೂತಿರಿ, ಮತ್ತೇನೂ ಮಾಡಬೇಡಿ ಅಂತ ಹೇಳಿ ಮರುದಿನ ಕ್ಯಾಮೆರಾ ಒಯ್ದರೆ, ಇಕ್ಬಾಲ್ ಭಾಯಿ ಮದುವೆಯ ಕೋಟು ಹಾಕಿ, ಗಡ್ಡ ಒಪ್ಪಮಾಡಿಸಿ, ಇಡೀ ಗಲ್ಲಿ ತಿರುಗಿ ನೋಡುವಷ್ಟು ಅತ್ತರು ಹಚ್ಚಿ ನಿಂತಿದ್ದರು.

"ಇದೇನ್ರಿ ಇದು? ನಿನ್ನೆ ಇದ್ದಂಗ ಇರ್ರಿ ಅಂದಿದ್ನಲ್ಲ!"

"ನಿನ್ನೆ ಹುಷಾರಿರ್ಲಿಲ್ಲ ಅಲ್ವಾ ಮಾರಾಯ್ರೆ, ಇವತ್ತು ಒಳ್ಳೇದುಂಟು."

"ಸ್ವಲ್ಪ ದಣಿದವರಂಗ, ಚಿಂತಿ ಮಾಡಿದಂಗ ಕುಂಡರ್ರಿ."

ಇಕ್ಬಾಲ್ ಭಾಯಿ ಕುಳಿತರು. ಕ್ಯಾಮೆರಾ ಶುರುವಾಯಿತು. ಮುಖದ ತುಂಬ ನಗು ಬಂತು. ನಿಲ್ಲಿಸಿದರೆ ನಗು ಹೋಗುತ್ತದೆ, ಶುರು ಮಾಡಿದರೆ ಬರುತ್ತದೆ. ಕೊನೆಗೆ ಅವರೇ ಬೇಜಾರಾಗಿ ಹೇಳಿದರು: "ನನ್ನ ಕೈಲಿ ಆಗೂದಿಲ್ಲ ಸಾರ್. ಮಗಳ ಮದುವೆ ಮಾತುಕತೆ ನಡೀತಾ ಉಂಟು. ನಾನು ಸಪ್ಪೆ ಮೋರೆ ಹಾಕಿದ್ದು ಭಟ್ಕಳದಲ್ಲಿ ಯಾರಾದ್ರೂ ನೋಡಿದ್ರೆ ಎಂತ ಹೇಳ್ತಾರೆ? ದುಬೈ ಅಂಗಡಿ ಮುಳುಗಿತು ಅಂತ ಹೇಳುದಿಲ್ವಾ?"

ನಮ್ಮ ಬಿಲ್ಡಿಂಗಿನ ವಾಚ್‌ಮನ್ ಬಂದ, ಅವನದೂ ಅದೇ ಹಾಡು. ಕ್ಯಾಮೆರಾ ಕಂಡೊಡನೆ ನಮ್ಮ ಮಂದಿಯ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬಾಯಿ ತಾನಾಗಿ "ಎಲ್ಲಾ ಆರಾಮ" ಅನ್ನುತ್ತದೆ. ಇಟಲಿಯಲ್ಲಿ ಬೀದಿಯಲ್ಲಿ ನಟರಲ್ಲದವರು ಸಿಕ್ಕಿರಬಹುದು, ಇಲ್ಲಿ ಎಲ್ಲಿ ಸಿಗಬೇಕು? ಇಲ್ಲಿ ಊರಿಗೆ ಫೋನು ಮಾಡುವ ಪ್ರತಿಯೊಬ್ಬರೂ ಇಪ್ಪತ್ತು ವರ್ಷ ಸರ್ವಿಸ್ ಆದ ನಟರು. ಮುತ್ಯಾ ಇಲ್ಲಿ ಹುಟ್ಟಿದ್ದರೆ ಸಿನಿಮಾ ಬಿಟ್ಟು ಗ್ಯಾರೇಜು ಇಡುತ್ತಿದ್ದ ಅಂತ ನಾನು ಹೇಳಿದ್ದಕ್ಕೆ ಇವರು ಎರಡು ದಿನ ಮಾತು ಬಿಟ್ಟರು.

ಮೂರನೇ ದಿನ ಬಂದು ಸುದ್ದಿ ಹೇಳಿದರು. ನಟರನ್ನು ಬೇರೆ ಕಡೆಯಿಂದ ತರಬೇಕು, ಒಳ್ಳೆಯ ಮೈಕು ಬೇಕು, ಅದಕ್ಕೆಲ್ಲ ದುಡ್ಡು ಬೇಕು, ನಾನೂ ಮುತ್ಯಾನ ದಾರಿ ಹಿಡಿಯುತ್ತೇನೆ ಅಂದರು. ಅಂದರೆ ಜಾಹೀರಾತಿನಲ್ಲಿ ಪಾತ್ರ. ಇಲ್ಲಿ ಜಾಹೀರಾತಿನವರಿಗೆ 'ಇಂಡಿಯನ್ ಅಂಕಲ್' ಎಂಬ ಪ್ರಾಣಿ ಸದಾ ಬೇಕಾಗುತ್ತದೆ. ತುಸು ಹೊಟ್ಟೆ, ತುಸು ಬಿಳಿ ಮೀಸೆ, ನಂಬಿಕಸ್ಥ ಮುಖ. ದೇವರು ಇವರನ್ನು ಅದಕ್ಕೆಂದೇ ಮಾಡಿದ್ದ. ಮೊದಲು ಮಂಡಿನೋವಿನ ಮುಲಾಮು, ಆಮೇಲೆ ಬಾಸುಮತಿ ಅಕ್ಕಿ. ಮಂಡಿ ಹಿಡಿದುಕೊಂಡು "ಆಹ್" ಅನ್ನುವುದನ್ನು ಕನ್ನಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಿದರು. ಅದೇ ಮನುಷ್ಯ ಸಂಜೆ ಕೂತು ನಟನೆಯೇ ಇಲ್ಲದ ಸಿನಿಮಾದ ಚಿತ್ರಕಥೆ ಬರೆಯುತ್ತಿದ್ದರು.

ಕೊನೆಗೆ ಬಂದದ್ದು ಬಂಗಲೆ. ಮನೆ ಕಟ್ಟಿ ಮಾರುವವರ ಜಾಹೀರಾತು. ಬಿಳಿ ಕುರ್ತಾ ತೊಟ್ಟ ಇವರು ಆ ಥರ್ಮೋಕೋಲಿನ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹುಲ್ಲುಹಾಸಿನ ಮೇಲೆ ನಿಂತು, ಹಲ್ಲು ಕಿಸಿಯಬೇಕು. ಪಕ್ಕದಲ್ಲಿ ಹೆಂಡತಿ. ಹೆಂಡತಿಯ ಪಾತ್ರಕ್ಕೆ ನಾನಿದ್ದೇನಲ್ಲ ಅಂತ ಸೀರೆ ಉಟ್ಟುಕೊಂಡು ಹೋದೆ. ಜಾಹೀರಾತಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ವಿನಯದಿಂದ, "ಮ್ಯಾಡಮ್ ಈಸ್ ಅ ಲಿಟಲ್ ಟೂ ರಿಯಲ್," ಅಂದ. ಬಳುಕುವ ಒಬ್ಬ ಪಂಜಾಬಿ ಹುಡುಗಿಯನ್ನು ತಂದು ನಿಲ್ಲಿಸಿದರು. ನಾನು ಬಿಸಿಲಲ್ಲಿ ಕೊಡೆ ಹಿಡಿದು ನಿಂತೆ. ಮುಗಿದ ಮೇಲೆ ಕೀಲಿಕೈ ಯಾರಿಗೂ ಬೇಡವಾಗಿತ್ತು, ಇವರು ನೆನಪಿಗೆಂದು ತಂದರು.

ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಗದಗಿನ ಓಣಿಗೆ ಇಳಿಯಿತು. ನಮ್ಮ ಭಾವನ ಮಗ ಅಜ್ಜಿಗೆ ತೋರಿಸಿದ. ಒಂದು ತಾಸಿನಲ್ಲಿ ಅತ್ತೆಯ ವಿಡಿಯೋ ಕಾಲ್ ಬಂತು.

"ಬಸೂ, ಬಂಗ್ಲೇ ತೊಗೊಂಡು ಹೇಳಿಲ್ಲಲ್ಲೋ! ಜಾಹೀರಾತಿನಾವ್ರು ಬಂದು ಫೋಟೋ ಹಿಡದು ಊರಿಗೆಲ್ಲಾ ತೋರಸ್ಯಾರ, ಹಡದಾಕಿಗೆ ಕಡೀಕ ಗೊತ್ತಾಗೂದೇನು?"

ಇವರು ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡರು.

"ಮತ್ತ ನಿನ್ನ ಬಾಜೂಕ ನಿಂತಾಕಿ ಯಾರು?" ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

"ಅಕಿ... ಕಂಪನಿಯಾಕಿ," ಅಂದರು ಇವರು. ಅದೊಂದು ಖರೇ ಮಾತು ಇತ್ತು. ಉಳಿದದ್ದನ್ನು ಹೇಳಬೇಕಾದ ಹೊತ್ತಿಗೆ, ಸಿನಿಮಾ ಕೆಲಸ ಜೋರು ನಡೆದಿದೆ ಅಂತ ಏನೋ ತಡಬಡಿಸಿ ಫೋನಿಟ್ಟರು. ಅಲ್ಲಿಗೆ ಗದಗಿನಲ್ಲಿ ನಮ್ಮ ಮನೆಯವರು ಬಂಗಲೆಯ ಒಡೆಯರೂ ಆದರು, ಸಿನಿಮಾದವರೂ ಆದರು.

ಅತ್ತೆ ಸುಮ್ಮನೆ ಕೂಡುವವರಲ್ಲ. ನಾಲ್ಕೇ ದಿನದಲ್ಲಿ ಗೃಹಪ್ರವೇಶದ ಮುಹೂರ್ತ ತೆಗೆಸಿದರು. ಪಾಸ್‌ಪೋರ್ಟು ಮೊದಲೇ ಮಾಡಿಸಿಟ್ಟಿತ್ತು. ನನಗೆ ಫೋನು ಮಾಡಿ, "ಸುಜಾತಾ, ಅಲ್ಲೆ ಆಕಳ ಸಿಗತಾವೇನು ಒಳಗ ಹೊಗಸಾಕ? ಇಲ್ಲಂದ್ರ ಬೆಳ್ಳೀದು ಸಣ್ಣದು ಒಂದ್ ತರ್ತೀನಿ," ಅಂದರು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ನಗು ಬರುವ ಮಾತೇ, ಆದರೆ ಅವತ್ತು ನನಗೆ ನಗು ಬರಲಿಲ್ಲ. ಇನ್ನು ತಡಮಾಡಿದರೆ ಆ ಮುದುಕಿ ಬೆಳ್ಳಿಯ ಆಕಳು ಹಿಡಿದುಕೊಂಡು ವಿಮಾನ ಇಳಿದು, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮುಂದೆ ನಿಲ್ಲುವುದೇ.

"ನಿಮ್ಮ ಮುತ್ಯಾ ಇದ್ದಿದ್ರ ಏನ್ ಮಾಡ್ತಿದ್ದ ಈಗ?" ಅಂತ ಕೇಳಿದೆ.

"ಇದ್ದದ್ದನ್ನ ಇದ್ದಂಗ ತೋರಸ್ತಿದ್ದ."

"ಹಂಗಾದ್ರ ತೋರಸ್ರಿ. ನಿಮ್ಮವ್ವಗ ತೋರಸ್ರಿ ಮೊದಲ. ಸಿನಿಮಾ ಆಮ್ಯಾಲ."

"ಅವ್ವನ ಮುಖ ನೋಡಿ ಹೇಳಾಕ ಆಗಂಗಿಲ್ಲ ಸುಜಾತಾ," ಅಂದರು ಇವರು. ಐವತ್ತು ದಾಟಿದ ಮನುಷ್ಯನ ದನಿ ನಡುಗುತ್ತಿತ್ತು. ನನಗೆ ಅಯ್ಯೋ ಅನಿಸಿತು, ಆದರೂ ಬಿಡಲಿಲ್ಲ. ಶುಕ್ರವಾರ ಸಂಜೆ ಹೇಳುವುದೆಂದು ತೀರ್ಮಾನವಾಯಿತು, ಒಂದು ಮಾತು ಹೇಳುವುದಿದೆ ಎಂದಷ್ಟೇ ಅತ್ತೆಗೆ ಮೊದಲೇ ತಿಳಿಸಿದೆವು.

ಇಲ್ಲಿ ಅತ್ತೆಯ ಇನ್ನೊಂದು ಗುಣ ಹೇಳಬೇಕು. ಅವರು ಕಂಪನಿ ನಾಟಕ ನೋಡಿ ಬೆಳೆದವರು. ತಗಡಿನ ಥಿಯೇಟರಿನಲ್ಲಿ ಚಾಪೆ ಹಾಸಿ, ಚುರುಮುರಿ ಕಟ್ಟಿಕೊಂಡು ಹೋಗಿ ನೋಡಿದ ನಾಟಕಗಳ ಮಾತುಗಳು ಇವತ್ತಿಗೂ ಬಾಯಿಪಾಠ. ಧಾರಾವಾಹಿ ನೋಡುವಾಗ ಪಕ್ಕದಲ್ಲಿ ಕೂರುವಂತಿಲ್ಲ, "ಇದೂ ಒಂದು ಅಳೂದ? ಬಾಯಾಗ ಗುಳಗಿ ಇಟ್ಕೊಂಡಂಗ ಅಳತಾಳ," ಅಂತ ಒಬ್ಬೊಬ್ಬರನ್ನೇ ಜಾಲಿಸುತ್ತಾರೆ. ಮಗ ಸಿನಿಮಾದವನಾದದ್ದು ಅವರಿಗೆ ಬಂಗಲೆಗಿಂತ ದೊಡ್ಡ ಸಂತೋಷ ಅಂತ ನನ್ನ ಗುಮಾನಿ.

ಶುಕ್ರವಾರ ಬಂತು. ನಾನು ಅವತ್ತು ಮೂಲೆಯ ಪರದೆ, ದಿಂಬು, ಹೂದಾನಿ ಎಲ್ಲ ತೆಗೆದು ಒಳಗಿಟ್ಟೆ. ಇವರು ಇಸ್ತ್ರಿಯ ಗುಡ್ಡದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅನನ್ಯಾ ಮೊಬೈಲು ಹಿಡಿದಳು. ಆ ಕಡೆ ಅತ್ತೆಯ ಮುಖ ಕಂಡಿತು, ಹೊಸ ಇಳಕಲ್ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು.

"ಅವ್ವಾ, ಒಂದು ಮಾತು ಹೇಳೂದೈತಿ," ಅಂದರು ಇವರು, ಮೆಲ್ಲಗೆ, ತಲೆ ತಗ್ಗಿಸಿ.

"ಸಿನಿಮಾದ್ದಲ್ಲ? ಹೇಳು, ಹೇಳು. ಅದಕ್ಕ ಕಾಯಾಕತ್ತೇವಿ."

"ಅದಲ್ಲವಾ. ನನ್ನ ನೌಕರಿ..."

"ಏ, ಜೋರ್ ಹೇಳೋ. ಹಿಂದ ಕುಂತವ್ರಿಗೆ ಕೇಳಸವಲ್ದು!"

"ಹಿಂದ ಯಾರದಾರ?"

ಆ ಕಡೆ ಯಾರೋ ಮೊಬೈಲು ತಿರುಗಿಸಿದರು. ಪಡಸಾಲೆಯ ತುಂಬ ಹೆಂಗಸರು, ಬಾಗಿಲಲ್ಲಿ ಗಂಡಸರು, ಕಿಟಕಿಯಲ್ಲಿ ಮಕ್ಕಳು. ಗೋಡೆಯ ಟಿ.ವಿ.ಯಲ್ಲಿ ನಮ್ಮ ಮನೆಯವರ ಮುಖ, ಅದರ ಪಕ್ಕ ನಮ್ಮ ಇಸ್ತ್ರಿಯ ಗುಡ್ಡ. ಮಗನ ಬಾಯಿಂದ ಸಿನಿಮಾದ ಡೈಲಾಗು ಕೇಳಿಸುತ್ತೇನೆಂದು ಅತ್ತೆ ಇಡೀ ಓಣಿಯನ್ನು ಕರೆದು ಕೂರಿಸಿದ್ದರು. ನಾನು ಇವರ ಅಂಗಿಯ ತೋಳು ಜಗ್ಗಿದೆ. "ಅಪ್ಪಾ, ಹ್ಯಾಂಗ್ ಅಪ್," ಅಂತ ಅನನ್ಯಾ ಪಿಸುಗುಟ್ಟಿದಳು.

ಇವರು ಕೇಳಲಿಲ್ಲ. ಎದ್ದು ನಿಂತರು. ಇವತ್ತು ಬಿಟ್ಟರೆ ಇನ್ನು ಆಗುವುದಿಲ್ಲ ಅಂತ ಅನಿಸಿರಬೇಕು. ಜೋರಾಗಿಯೇ ಹೇಳಿದರು.

"ಅವ್ವಾ! ಆ ಬಂಗ್ಲೇ ನಂದಲ್ಲ. ಅದೆಲ್ಲಾ ಬಣ್ಣ. ನನ್ನ ನೌಕರಿ ಹೋಗಿ ವರ್ಷ ಆಗಾಕ ಬಂತು. ನಿನಗ ಹೇಳಾಕ ಬಾಯಿ ಬರಲಿಲ್ಲ. ಸುಜಾತಾ ದುಡದು ಹಾಕಾಕತ್ತಾಳ, ನಾ ಕುಂತು ಉಣ್ಣಾಕತ್ತೇನಿ."

ಪಡಸಾಲೆ ಗಪ್ಪಾಯಿತು. ಆಮೇಲೆ ಬಾಗಿಲ ಕಡೆಯಿಂದ ಒಂದು ಸೀಟಿ ಬಿತ್ತು. ಅದರ ಹಿಂದೆ ಚಪ್ಪಾಳೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಚಪ್ಪಾಳೆ ಹೊಡೆಯುತ್ತಿದ್ದರು. "ಏನ್ ಚಲೋ ಹೇಳಿದ್ರಿ!" ಅಂದಳು ಒಬ್ಬಳು. "ಒನ್ಸ್ ಮೋರ್!" ಅಂತ ಯಾವನೋ ಕೂಗಿದ. ಓಣಿಯೆಲ್ಲ ಕೂಗಿತು, "ಒನ್ಸ್ ಮೋರ್! ಒನ್ಸ್ ಮೋರ್!"

ನಮ್ಮ ಮನೆಯವರು ಮತ್ತೆ ಬಾಯಿ ತೆರೆದರು. "ಅವ್ವಾ," ಅಂದರು. ಮುಂದಿನ ಮಾತು ಬರಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆನ್ನುವ ನೆನಪೂ ಇರಲಿಲ್ಲ. ಆ ಕಡೆ ಚಪ್ಪಾಳೆ ಇನ್ನೂ ಜೋರಾಯಿತು.

ಚಪ್ಪಾಳೆ ಹೊಡೆಯದೆ ಇದ್ದವರು ಒಬ್ಬರೇ. ಅತ್ತೆ ಟಿ.ವಿ.ಯ ಮುಂದೆ ಹೋಗಿ ನಿಂತು ಮಗನ ಮುಖವನ್ನು ಹತ್ತಿರದಿಂದ ನೋಡಿದರು. ಆಮೇಲೆ ತಿರುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಆತು, ಆತು. ಆಟ ಮುಗೀತು. ನಡೀರಿ ಎಲ್ಲಾರೂ. ಏ ಶಾಂತವ್ವಾ, ಮನ್ಯಾಗ ರೊಟ್ಟಿ ಬಡಿಯೂದಿಲ್ಲೇನು? ಏಳ್ರಿ, ಏಳ್ರಿ."

ಜನ ಗೊಣಗುತ್ತ ಎದ್ದರು. ಚಪ್ಪಲಿಗಳ ಸದ್ದು, ಬಾಗಿಲಿನ ಅಗಳಿ ಹಾಕಿದ ಸದ್ದು. ಟಿ.ವಿ. ಆರಿತು. ಮೊಬೈಲು ಯಾರ ಕೈಯಿಂದಲೋ ಅತ್ತೆಯ ಕೈಗೆ ಬಂದಿರಬೇಕು, ನಮಗೆ ಮೊದಲು ಮಾಡಿನ ತೊಲೆ ಕಂಡಿತು, ಆಮೇಲೆ ಕುಂಕುಮದ ಅರ್ಧ ಹಣೆ, ಒಂದು ಕಣ್ಣು.

"ಈಗ ಹೇಳಪಾ," ಅಂದರು. "ಮೆಲ್ಲಕ ಹೇಳು. ನನಗೊಬ್ಬಾಕಿಗೆ ಕೇಳಿದ್ರ ಸಾಕು."